ಉಪ್ಪಳೆಯುವ ಸರದಿ

ಹಿಮ ಬಿದ್ದ ಬೆಳಗ್ಗೆ ಅಮ್ಮ ಪೀಪಾಯಿಯ ಮುಚ್ಚಳ ಸರಿಸಿದಾಗ ಏಳುತ್ತಿದ್ದ, ಚಳಿಗಾಲಕ್ಕೆಂದು ಉಪ್ಪಲ್ಲಿ ಊರಿಸಿಟ್ಟ ಉಪ್ಪುಸೊಪ್ಪಿನ ಹುಳಿ ವಾಸನೆ, ಅರವತ್ತು ದಾಟಿದರೂ ತೊಕುಜಿರೊನ ಮೂಗು ಬಿಟ್ಟು ಹೋಗಿರಲಿಲ್ಲ. ಈಗ ಆ ಪೀಪಾಯಿಗೇ ಕುತ್ತು ಬಂದಿತ್ತು.

ಜಪಾನಿನ ನಾಗಾನೊ ಬೆಟ್ಟದ ಆ ಹಳ್ಳಿಗೆ ವೈದ್ಯರಿರಲಿಲ್ಲ. ಕಳೆದ ಚಳಿಗಾಲದಲ್ಲಿ ಉಪ್ಪು ಅತಿಯಾಗಿ ಮೂವರಿಗೆ ಲಕ್ವ ಹೊಡೆದಿತ್ತು. ವಾರಕ್ಕೊಮ್ಮೆ ಬರುವ ನರ್ಸ್ ಮಿಸಾವೊ ಹೇಳಿಬಿಟ್ಟಿದ್ದಳು: “ಮಂಗಳವಾರ ಸಂಜೆ ಎಲ್ಲರ ಮೂತ್ರ ಪರೀಕ್ಷೆ. ಯಾರದ್ರಲ್ಲಿ ಉಪ್ಪು ಹೆಚ್ಚೋ, ಅವರ ಪೀಪಾಯಿಗೆ ವಸಂತದವರೆಗೆ ನನ್ನ ಬೀಗ.”

ತೊಕುಜಿರೊ ಮೂರು ದಿನ ಉಪ್ಪು ಮುಟ್ಟಲಿಲ್ಲ. ಬರೀ ಅನ್ನ ನುಂಗಿ ಗೋಡೆ ನೋಡಿದ. ಮಂಗಳವಾರ ಬೆಳಗ್ಗೆ ಮಿಸಾವೊ ಅವನ ಕೈಗೆ ಉಪ್ಪಳೆಯುವ ಮಾಪಕವೊಂದನ್ನು ಇಟ್ಟಳು.

“ಈ ಸಲದ ಸರದಿ ನಿಮ್ಮದು, ಮಾವ. ಹನ್ನೆರಡು ಮನೆಯ ಮಿಸೊ ಸಾರು ಅಳೆದು ಬರ್ಕೊಂಡು ಬನ್ನಿ.”

ಮೊದಲನೆಯದು ಇನೆ ಅಜ್ಜಿಯ ಮನೆ. ಉಪ್ಪು ಹಾಕಿ ಹುಳಿಸಿದ ಸೋಯಾದ ಆ ಸಾರಿಗೆ ಅದ್ದಿದರೆ ಮಾಪಕದ ಮುಳ್ಳು ಮಲಗಿದಲ್ಲಿಂದ ಏಳಲಿಲ್ಲ.

“ಅಜ್ಜಿ, ಇದು ಸಾರೋ, ಅಕ್ಕಿ ತೊಳೆದ ನೀರೋ?”

“ಅಳೆಯೋಕೆ ಬಂದೋನು ಅಳೆ. ಆಮೇಲೆ ಕೂತು ಟೀ ಕುಡಿ.”

ಟೀ ಜೊತೆ ತಟ್ಟೆ ತುಂಬ ಉಪ್ಪುಸೊಪ್ಪು ಬಂತು. ತೊಕುಜಿರೊ ಕೈಮುಗಿದ. “ಬೇಡ ಅಜ್ಜಿ, ಇವತ್ತು ಪರೀಕ್ಷೆ.”

“ನಿನ್ನ ಹೆಂಡ್ತಿ ಇದ್ದಾಗ ಹೊಗಳಿ ಹೊಗಳಿ ತಿಂತಿದ್ದೆ. ಈಗ ನನ್ನ ಕೈ ಸರಿಯಿಲ್ಲ, ಅಲ್ವಾ?”

ಟೀ ಜೊತೆಯ ಸೊಪ್ಪು ಬಿಟ್ಟೆದ್ದವನ ಹೆಣ ಹೊರಲೂ ಆ ಊರಲ್ಲಿ ಜನ ಬರುವುದಿಲ್ಲ. ತಿಂದ.

ಸುದ್ದಿ ಅವನಿಗಿಂತ ಮೊದಲೇ ಎರಡನೇ ಮನೆ ತಲುಪಿತ್ತು. “ಅಜ್ಜಿ ಮನೇಲಿ ತಟ್ಟೆ ಖಾಲಿ ಮಾಡಿದ್ರಂತೆ. ನಾವೇನು ಪಾಪ ಮಾಡಿದ್ವಿ?”

ಏಳನೇ ಮನೆಯ ಹೊತ್ತಿಗೆ ಅವನ ನಾಲಿಗೆ ಒಣಮೀನಾಗಿತ್ತು. ಬಾಯಾರಿಕೆಗೆ ಟೀ ಕೇಳಿದ. ಟೀ ಬಂದರೆ ಸೊಪ್ಪೂ ಬಂತು. ಸೊಪ್ಪು ತಿಂದರೆ ಮತ್ತೆ ಬಾಯಾರಿತು. ಸಾರು ಮಾತ್ರ ಹನ್ನೆರಡು ಮನೆಯಲ್ಲೂ ಸಪ್ಪೆ.

ಸಂಜೆ, ಅವನಂತೆಯೇ ಮೂರು ದಿನ ಉಪ್ಪು ಬಿಟ್ಟಿದ್ದ ಊರವರ ಪರೀಕ್ಷೆಯ ಕಾಗದಗಳೆಲ್ಲ ಪಾಸಾದವು. ತೊಕುಜಿರೊನದನ್ನು ನೋಡಿ ಮಿಸಾವೊ ಕನ್ನಡಕ ಒರೆಸಿಕೊಂಡಳು.

“ಮಾವ, ಸಮುದ್ರ ಏನಾದ್ರೂ ಕುಡಿದ್ರಾ?”

ಅವನು ನೆರೆಹೊರೆಯವರತ್ತ ತಿರುಗಿದ. ಎಲ್ಲರೂ ಸೂರಿನ ತೊಲೆ ಎಣಿಸುತ್ತಿದ್ದರು.

ಪೀಪಾಯಿಗೆ ಬೀಗ ಬಿತ್ತು. ನರ್ಸ್ ಅತ್ತ ಹೋದದ್ದೇ ಇನೆ ಅಜ್ಜಿ ಬಾಗಿಲಿಗೆ ಬಂದಳು, ಕೈಯಲ್ಲಿ ಮುಚ್ಚಿದ ಬಟ್ಟಲು.

“ಬೆಳಗಿನ ಸಾರು, ಬಿಸಿ ಮಾಡಿ ತಂದೆ. ನಿನ್ನ ಅಳತೆಗೇಂತ ಮಾಡಿದ್ದು. ನಮ್ಮನೇಲಿ ಇದನ್ನ ಯಾರೂ ಕುಡಿಯಲ್ಲ.”

ಹೊಸ್ತಿಲ ಮೇಲೆ ಆಗಲೇ ಉಳಿದ ಮನೆಗಳ ಹನ್ನೊಂದು ಬಟ್ಟಲು ಸಾಲಾಗಿದ್ದವು. ಇಡಲು ಅಜ್ಜಿಗೆ ಜಾಗ ಕಾಣಲಿಲ್ಲ. ಮಡಿಲಿಂದ ತೆಗೆದ ಅನ್ನದ ಉಂಡೆಯೊಂದನ್ನೂ ಸೇರಿಸಿ, ಬಿಸಿಬಿಸಿ ಬಟ್ಟಲನ್ನು ಅವನ ಕೈಗೇ ಇಟ್ಟಳು.