ಲಿಯೋನ ನೀರುಗಿರಣಿ ಹೋಟೆಲು

ದೋಹಾದ ನಜ್ಮಾ ಬಡಾವಣೆಯ ಅಂಗಡಿಯೊಂದರ ಲಕ್ಕಿ ಡ್ರಾದಲ್ಲಿ ಲಿಯೋನಿಗೆ ಇಂಗ್ಲೆಂಡ್ ಪ್ರವಾಸ ಬಂತು. ಅದೇ ದಿನ, ಅದೇ ಅಂಗಡಿಯಲ್ಲಿ ಅಕ್ಕಿ ಕೊಂಡಿದ್ದ ಎದುರುಮನೆಯ ದುಗ್ಗಪ್ಪನಿಗೆ ಬಂದದ್ದು ಬರೀ ಅಕ್ಕಿ.

ಅದೂ ಎಂಥ ಪ್ರವಾಸ! ಇನ್ನೂರು ವರ್ಷಗಳ ಹಿಂದೆ ಗೋಧಿ ಬೀಸುತ್ತಿದ್ದ ನೀರುಗಿರಣಿಯೊಂದನ್ನು ಈಗ ಹೋಟೆಲು ಮಾಡಿದ್ದರಂತೆ. ಶುಕ್ರವಾರ ಬೆಳಿಗ್ಗೆ ಲಿಯೋ ಹೆಂಡತಿ ಡೊರೊತಿಯೊಂದಿಗೆ ಅದರ ಚಿತ್ರ ಹಿಡಿದುಕೊಂಡೇ ದುಗ್ಗಪ್ಪನ ಮನೆಗೆ ಬಂದ.

"ನೋಡಿ ಮಾರಾಯ್ರೇ, ಮಲಗುವ ಕೋಣೆಯ ಕೆಳಗೇ ಹೊಳೆ! ಕಿಟಕಿಯಲ್ಲಿ ಚಕ್ರ ತಿರುಗುದು ಕಾಣ್ತದೆ."

ಹೊರಗೆ ದೋಹಾದ ಬಿಸಿಲು ಕಾವಲಿಯಂತೆ ಕಾದಿತ್ತು. ದುಗ್ಗಪ್ಪನ ಹೊಟ್ಟೆ ಅದಕ್ಕಿಂತ ಹೆಚ್ಚು ಕಾದಿತ್ತು.

"ಹೋಗುವವರಿಗೆ ಹೇಳಬಾರದು," ಎಂದ ಅವನು. "ನಮ್ಮ ಆಫೀಸಿನ ಇಂಗ್ಲಿಷಿನವ ಒಬ್ಬ ಅಲ್ಲಿ ಉಳಿದಿದ್ದನಂತೆ..."

"ಎಂತ ಹೇಳಿದ?"

"ಚಕ್ರ ರಾತ್ರಿಯಿಡೀ ಮುದುಕನ ಮೊಣಕಾಲಿನ ಹಾಗೆ ಕಟಕಟ ಅಂತದಂತೆ. ಮತ್ತೆ ಸತ್ತ ಗಿರಣಿಯವ ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಮೆಟ್ಟಿಲು ಹತ್ತಿ ಬರ್ತಾನಂತೆ."

ಡೊರೊತಿ ಶಿಲುಬೆಯ ಗುರುತು ಮಾಡಿಕೊಂಡಳು. ಚಹಾ ತಂದ ದುಗ್ಗಪ್ಪನ ಹೆಂಡತಿ ವಾರಿಜ ಲೋಟಗಳನ್ನು ಅಲ್ಲೇ ಇಟ್ಟು ದೇವರ ಪಟಕ್ಕೆ ಕೈಮುಗಿದಳು. ಮಧ್ಯಾಹ್ನದೊಳಗೆ ಸುದ್ದಿ ಮೇಲಿನ ಮಹಡಿಯ ಆಮಿನಮ್ಮನಿಗೆ ಮುಟ್ಟಿತು. ಅವರ ಬಾಯಲ್ಲಿ ಗಿರಣಿಯವನಿಗೆ ಹೆಂಡತಿಯೂ ಕಂಕುಳಲ್ಲೊಂದು ಮಗುವೂ ಸೇರಿಕೊಂಡರು.

ಸಂಜೆ ಲಿಯೋ ಟಿಕೆಟಿನ ಲಕೋಟೆ ಹಿಡಿದು ಬಂದು ಕುಳಿತ. "ಡೊರೊತಿ ಖಲಾಸ್, ಬರುದಿಲ್ಲ ಅಂತಾಳೆ. ಹಾಳು ಮಾಡುದು ಯಾಕೆ? ನಿಮಗೆ ದೆವ್ವಗಿವ್ವದ ಹೆದರಿಕೆ ಇಲ್ಲವಲ್ಲ, ನೀವಿಬ್ಬರೂ ಹೋಗಿ ಬನ್ನಿ. ಅಂಗಡಿಯವರೂ ಒಪ್ಪಿದ್ದಾರೆ. ಆದರೆ ಗಂಡಹೆಂಡತಿ ಜೊತೆಗೇ ಹೋಗಬೇಕಂತೆ."

ದುಗ್ಗಪ್ಪ ಲಕೋಟೆಯನ್ನು ಹಸಿದ ಬೆಕ್ಕು ಮೀನು ಕಚ್ಚುವಂತೆ ಹಿಡಿದ. ಅಡುಗೆಮನೆಯಿಂದ ವಾರಿಜ ಕೂಗಿದಳು:

"ನಾನು ಸತ್ತರೂ ಬರುದಿಲ್ಲ!"

"ಹೋಟೆಲು ಮಾರಾಯ್ತಿ, ಒಳ್ಳೆ ಹೋಟೆಲು!"

"ಹಿಟ್ಟು ಮೆತ್ತಿಕೊಂಡು ಬರ್ತಾನೆ ಅಂತ ನೀವೇ ಹೇಳಿದ್ದಲ್ವಾ?"

"ಸುಳ್ಳು!"

"ದೇವರಾಣೆ?"

"ದೇವರಾಣೆ! ನಾನೇ ಕಟ್ಟಿ ಹೇಳಿದ್ದು. ದೆವ್ವವೂ ಇಲ್ಲ, ಕಟಕಟವೂ ಇಲ್ಲ. ಆ ಇಂಗ್ಲಿಷಿನವನೇ ಇಲ್ಲ!"

ಇಷ್ಟು ಹೇಳಿದ ಮೇಲೆ, ಲಿಯೋ ಇನ್ನೂ ಕುರ್ಚಿಯಲ್ಲೇ ಇದ್ದಾನೆಂಬುದು ಅವನಿಗೆ ನೆನಪಾಯಿತು.

ಲಿಯೋ ಸಿಟ್ಟಾಗಲಿಲ್ಲ. ಎದ್ದು ಬಂದು, ಮಗುವಿನ ಕೈಯಿಂದ ಚಾಕು ಬಿಡಿಸುವಷ್ಟು ಮೆತ್ತಗೆ, ಲಕೋಟೆಯನ್ನು ಬಿಡಿಸಿಕೊಂಡ.

"ಪಾಪ, ಡೊರೊತಿ ಆಗಿನಿಂದ ಅಳ್ತಾ ಕೂತಿದ್ದಾಳೆ. ಮೊದಲು ಅವಳಿಗೆ ಹೇಳ್ತೇನೆ." ಬಾಗಿಲ ಬಳಿ ತಿರುಗಿ ನಿಂತ. "ದುಗ್ಗಪ್ಪಣ್ಣ, ನಾವು ಬರುವ ತನಕ ನಮ್ಮ ಬಾಲ್ಕನಿಯ ಕರಿಬೇವಿಗೆ ನೀರು ಹಾಕ್ತೀರಲ್ಲ?"

ದುಗ್ಗಪ್ಪ ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಬಂತು:

"ಹಾಕ್ತಾರೆ! ಎರಡು ಹೊತ್ತೂ ಹಾಕ್ತಾರೆ!"