ಅನ್ವರ್ ಸಾಬರ ಬೋರ್ಡಿನಲ್ಲಿ ನಂಬರ್ ಒನ್

ಯಾರನ್ನಾದರೂ ಸಾಲಾಗಿ ನಿಲ್ಲಿಸಿ ನಂಬರು ಕೊಡುವ ಕೆಲಸ ನನಗೆ ಒಗ್ಗುವುದಿಲ್ಲ. ಮೇಷ್ಟ್ರಾಗಿದ್ದವನು ಹೀಗೆ ಹೇಳಬಾರದು, ಆದರೂ ನಿಜ. ಉತ್ತರಪತ್ರಿಕೆಯಲ್ಲಿ ಅರ್ಧ ಅಂಕ ಹಾಕಿ, ಹೊಡೆದುಹಾಕಿ, ಮತ್ತೆ ಹಾಕುವ ಪೈಕಿ ನಾನು. ಎಂಬತ್ತರ ದಶಕದ ಕೊನೆಯಲ್ಲಿ ಚಿಂತಾಮಣಿಯ ಅನ್ವರ್ ಸಾಬರು ಇಂಥವನನ್ನು ಹಿಡಿದು, "ಮೇಷ್ಟ್ರೇ, ಈ ವರ್ಷದ ಟಾಪ್ ಹತ್ತು ಪಾಪ್ ಹಾಡಿನ ಪಾರ್ಟಿಗಳ ಲಿಸ್ಟು ಬೋರ್ಡ್ ಮೇಲೆ ಬರ್ಕೊಡಿ, ಹೊಸ ವರ್ಷಕ್ಕೆ ಅಂಗಡಿ ಮುಂದೆ ಇಡ್ತೀನಿ" ಅಂದರು. ನನ್ನ ಸಂಗೀತಜ್ಞಾನಕ್ಕೆ ಕೊನೆಗೂ ಮನ್ನಣೆ ಸಿಕ್ಕಿತೆಂದು ಉಬ್ಬಿಹೋದೆ. "ನಿಮ್ಮ ಅಕ್ಷರ ದುಂಡಗಿದೆ ನೋಡಿ" ಎಂದು ಅವರೇ ಗಾಳಿ ತೆಗೆದರು.

ಸಾಬರದು ಕ್ಯಾಸೆಟ್ ಅಂಗಡಿ, ಜೊತೆಗೆ ಟೇಪ್ ರೆಕಾರ್ಡರ್ ರಿಪೇರಿ. ಖಾಲಿ ಕ್ಯಾಸೆಟ್ಟನ್ನೂ ಹಾಡಿನ ಚೀಟಿಯನ್ನೂ ಕೊಟ್ಟರೆ ತಮ್ಮಲ್ಲಿದ್ದ ಒರಿಜಿನಲ್ಲಿನಿಂದ ತುಂಬಿಸಿಕೊಡುತ್ತಿದ್ದರು. ಗಿಟಾರು, ಡ್ರಮ್ಮು ಇದ್ದದ್ದೆಲ್ಲ ನಮ್ಮೂರಿಗೆ ಪಾಪ್. ಮದರಾಸಿನ ಹಾಡುಗಾರ್ತಿ ಅಕ್ಕತಂಗಿಯರನ್ನು ಮೇಲಿಟ್ಟರೆ ಬೊಂಬಾಯಿಯ ಗಿಟಾರಿನವನ ಅಭಿಮಾನಿಗಳು ಬಿಡುವುದಿಲ್ಲ. ಇಬ್ಬರನ್ನೂ ಮೇಲಿಟ್ಟರೆ ಕನ್ನಡ ಎಲ್ಲಿ ಅಂತ ಜಗಳ. ತೆಲುಗಿನವರನ್ನು ಕೆಳಗಿಟ್ಟರೆ ನಾನು ತೆಲುಗೇ ಮಾತಾಡುವ ನಮ್ಮ ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳುವಂತಿಲ್ಲ. ಮೂರು ದಿನ ಕೂತಲ್ಲಿ ಕೂರಲಾಗಲಿಲ್ಲ. ಹಲ್ಲುಜ್ಜುತ್ತಾ ನಾಲ್ಕನೆಯವರನ್ನು ಏಳಕ್ಕೆ ಇಳಿಸಿ, ಸ್ನಾನ ಮಾಡುತ್ತಾ ಮೂರಕ್ಕೆ ಏರಿಸುತ್ತಿದ್ದೆ. "ಹತ್ತು ಹೆಸರಿಗೆ ಇಷ್ಟು ಒದ್ದಾಡ್ತೀರಲ್ಲ, ನಾನು ಒಂದೇ ಫೋಟೋ ನೋಡಿ ನಿಮ್ಮನ್ನ ಒಪ್ಕೊಂಡೆ" ಅಂದಳು ನನ್ನವಳು. ಅದು ಹೊಗಳಿಕೆಯೋ ಪಶ್ಚಾತ್ತಾಪವೋ ಎಂದು ಯೋಚಿಸುವುದರಲ್ಲಿ ಇನ್ನರ್ಧ ದಿನ ಹೋಯಿತು.

ನಿಜವಾದ ಕಳವಳ ಬೇರೆಯೇ ಇತ್ತು. ಆ ವರ್ಷವೇ ನಾವು ನಾಲ್ವರು ಮೇಷ್ಟ್ರುಗಳು ಸೇರಿ 'ಮಿಂಚುಳ್ಳಿ' ಎಂಬ ಪಾಪ್ ತಂಡ ಕಟ್ಟಿ ಒಂದು ಕ್ಯಾಸೆಟ್ ಮಾಡಿಸಿದ್ದೆವು. ಹಾಡಿದವನು ನಾನು. ಸಾಬರಿಗೂ ಒಂದು ಕೊಟ್ಟಿದ್ದೆ. ಹತ್ತನೆಯದಾಗಿಯಾದರೂ ನಮ್ಮ ತಂಡ ಆ ಬೋರ್ಡಿನಲ್ಲಿರಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು. ನಾನೇ ಬರೆದುಕೊಳ್ಳಲು ನಾಚಿಕೆ.

ಕೊನೆಗೆ ನ್ಯಾಯವಾದ ಅಳತೆಯೊಂದು ಹೊಳೆಯಿತು. ಹೆಚ್ಚು ಓಡಿದ ಕ್ಯಾಸೆಟ್ಟಿನ ಟೇಪು ಹೆಚ್ಚು ಸಲ ಹರಿಯುತ್ತದೆ, ಹರಿದಾಗಲೆಲ್ಲ ಸಾಬರು ತೇಪೆ ಅಂಟಿಸುತ್ತಾರೆ. ತೇಪೆ ಹೆಚ್ಚಿದ್ದವರೇ ಜನಪ್ರಿಯರು! ಸಾಬರು ಊಟಕ್ಕೆ ಹೋದಾಗ ಅಂಗಡಿಯಲ್ಲಿ ಕೂತು, ಪೆನ್ಸಿಲ್ ತೂರಿಸಿ ಒಂದೊಂದೇ ಒರಿಜಿನಲ್ಲನ್ನು ಸುತ್ತುತ್ತಾ ಎಣಿಸಿದೆ. ಅಕ್ಕತಂಗಿಯರಿಗೆ ನಾಲ್ಕು. ಗಿಟಾರಿನವನಿಗೆ ಐದು. ಮಿಂಚುಳ್ಳಿಗೆ ಹದಿಮೂರು! ಮತ್ತೆ ಎಣಿಸಿದೆ, ಹದಿಮೂರೇ. ಕಣ್ಣು ತುಂಬಿ ಬಂತು. ನಮ್ಮೂರನ್ನು ಇಷ್ಟು ದಿನ ಸುಮ್ಮನೆ ಅನುಮಾನಿಸಿದೆನಲ್ಲ ಎಂದು ಮರುಗಿ, ಬೋರ್ಡಿನ ಮೊದಲ ಸ್ಥಾನದಲ್ಲಿ 'ಮಿಂಚುಳ್ಳಿ' ಎಂದು ಸೀಮೆಸುಣ್ಣವನ್ನು ತುಸು ಒತ್ತಿಯೇ ಬರೆದೆ.

ಊಟ ಮುಗಿಸಿ ಬಂದ ಸಾಬರು ಬೋರ್ಡು ನೋಡಿದರು, ನನ್ನ ಮುಖ ನೋಡಿದರು. ಅಷ್ಟರಲ್ಲಿ ಕೆಂಚಾರ್ಲಹಳ್ಳಿಯ ಗೌಡರೊಬ್ಬರು ರೇಷ್ಮೆ ಗೂಡು ಮಾರಿ ಬಂದವರು, ರಿಪೇರಿಗೆ ಕೊಟ್ಟಿದ್ದ ತಮ್ಮ ಟೇಪ್ ರೆಕಾರ್ಡರ್ ಕೇಳಿದರು. ಸಾಬರ ಕೈ ತಾನಾಗಿಯೇ ಮಿಂಚುಳ್ಳಿಯನ್ನು ತೆಗೆದು ಅದರೊಳಗೆ ಹಾಕಿತು.

"ರಿಪೇರಿ ಸೆಟ್ಟಿಗೆಲ್ಲ ಮೊದಲು ಇದನ್ನೇ ಹಾಕ್ತೀರಾ?" ಎಂದೆ.

"ಹೂಂ ಮೇಷ್ಟ್ರೇ, ಸೆಟ್ಟು ಸರಿಯಿಲ್ದೆ ಟೇಪನ್ನ ಅಗಿದುಬಿಟ್ರೆ..." ಎಂದವರು ಮಾತು ನುಂಗಿದರು. ಅಗಿದರೂ ಚಿಂತೆಯಿಲ್ಲದ ಕ್ಯಾಸೆಟ್ಟು ಅಂಗಡಿಯಲ್ಲಿ ಅದೊಂದೇ ಎಂದು ನನಗೆ ಅರ್ಥವಾಯಿತು.

ಸೆಟ್ಟಿನಿಂದ ನನ್ನ ದನಿ ಹೊರಟಿತು. ಗೌಡರು ಕಿವಿಗೊಟ್ಟು ಕೇಳಿ, "ಇನ್ನೂ ಸರಿಹೋಗಿಲ್ವಲ್ಲಪ್ಪ ಸಾಬಣ್ಣ, ದನಿ ನಡುಗ್ತಾ ಐತೆ" ಅಂದರು.

ತಮ್ಮ ಕೈಕೆಲಸದಲ್ಲಿ ತಪ್ಪಿದೆಯೆಂದು ಇಡೀ ಚಿಂತಾಮಣಿ ಹೇಳಿದರೂ ಒಪ್ಪದ ಸಾಬರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ತಲೆ ತಗ್ಗಿಸಿ, "ನಿಜ ಗೌಡ್ರೇ, ರಿಪೇರಿ ಸರಿಯಾಗಿಲ್ಲ. ನಾಳೆ ಬನ್ನಿ" ಅಂದರು.

ನಾನು ಒದ್ದೆ ಬಟ್ಟೆ ತೆಗೆದುಕೊಂಡು ಮೊದಲ ಸ್ಥಾನ ಒರೆಸಿದೆ. ಮರುದಿನ ಗೌಡರು ಬರುವ ಹೊತ್ತಿಗೆ ನಾನೇ ಹೋಗಿ ಅಕ್ಕತಂಗಿಯರ ಕ್ಯಾಸೆಟ್ಟನ್ನು ಸಾಬರ ಕೈಗಿಟ್ಟೆ, ಅವರು ಅದನ್ನೇ ಸೆಟ್ಟಿಗೆ ಹಾಕಿದರು. ರಾತ್ರಿಯೆಲ್ಲ ಆ ಸೆಟ್ಟು ಇಟ್ಟಲ್ಲೇ ಇತ್ತು, ಅದರ ಒಂದು ಸ್ಕ್ರೂ ಸಹ ಬಿಚ್ಚಿರಲಿಲ್ಲ.

"ನೋಡಪ್ಪ, ಈಗ ಸರಿಹೋಯ್ತು!" ಅಂದರು ಗೌಡರು.