ಜವಳಿಯವನ ಮನೆಗೆ ಬಂದ ಬಟ್ಟೆಯಿಲ್ಲದವಳು

ದೊಡ್ಡವರ ಮನೆಯ ಗೋಡೆಯ ಮೇಲೆ ದೊಡ್ಡದೊಂದು ಚಿತ್ರ ಇರಲೇಬೇಕೆಂಬ ದಿವ್ಯಜ್ಞಾನ ಜವಳಿ ತುಳಜಾರಾಮನಿಗೆ ಆದದ್ದು ಹುಮನಾಬಾದಿನಲ್ಲಿ, ಭೀಮಶಾನ ಫೋಟೋ ಕಟ್ಟಿನ ಅಂಗಡಿಯ ಮುಂದೆ.

ಯುದ್ಧದ ಕಾಲವದು. ನಿಜಾಮ ಸರ್ಕಾರ ಅರಿವೆಗೆ ಕಂಟ್ರೋಲ್ ಹಾಕಿತ್ತು. ಕಲ್ಯಾಣದ (ಈಗಿನ ಬಸವಕಲ್ಯಾಣದ) ಜನ ಕೂಪನ್ ಹಿಡಿದು ಬಿಸಿಲಿನಲ್ಲಿ ಒಣಗುತ್ತಿದ್ದರೆ, ತುಳಜಾರಾಮ ಮಾತ್ರ ದಿನೇ ದಿನೇ ಉಬ್ಬುತ್ತಿದ್ದ. ಅಂಗಡಿಯಲ್ಲಿ ಕೂತು “ಮಾಲು ಖತಂ” ಎನ್ನುವುದು, ಮನೆಯ ಒಳಕೋಣೆಯಲ್ಲಿ ಬಚ್ಚಿಟ್ಟ ಗಂಟುಗಳನ್ನು ಹಿತ್ತಲ ಬಾಗಿಲಿನಿಂದ ದುಪ್ಪಟ್ಟು ದರಕ್ಕೆ ಮಾರುವುದು: ಇದು ಆತನ ವ್ಯಾಪಾರಧರ್ಮ. ಹಣ ಬಂತು. ಇನ್ನು ಬರಬೇಕಾದದ್ದು ಘನತೆ.

“ಸೇಠಜಿ, ದೇವರ ಪಟಾ ಎಲ್ಲಾರ ಮನ್ಯಾಗೂ ಅವ,” ಎಂದ ಭೀಮಶಾ. “ಇದು ಬೊಂಬಾಯಿ ಮಾಲ್ರಿ. ವಿಲಾಯತಿ ಪೇಂಟರ್ ಬರದ ಚಿತ್ರದ ಛಾಪಾ. ನವಾಬರ ದಿವಾಣಖಾನ್ಯಾಗ ಇಂಥವೇ ಇರತಾವ.”

ಕಲ್ಲಿನ ಕೊಳದ ದಂಡೆಯ ಮೇಲೆ ಜಳಕ ಮುಗಿಸಿ ಕೂತ ಬಿಳಿಯ ಹೆಂಗಸು. ಮೈಮೇಲೆ ನೀರಿನ ಹನಿಗಳನ್ನು ಬಿಟ್ಟರೆ ಮತ್ತೇನೂ ಇಲ್ಲ. ಹನಿಗಳು ಎಷ್ಟು ನಿಜವಾಗಿದ್ದವೆಂದರೆ ತುಳಜಾರಾಮ ಬೆರಳಿನಿಂದ ಒರೆಸಿ ನೋಡಿದ. (ಎಲ್ಲೆಲ್ಲಿ ಒರೆಸಿದ ಎಂಬುದು ಭೀಮಶಾನಿಗೆ ಗೊತ್ತು, ನಾವು ಕೇಳುವುದು ಬೇಡ.)

“ಇದಕ ಏನಂತಾರ?”

“ಕಲಿ ಅಂತಾರ್ರಿ, ಕಲಿ.”

ಕಲೆಯನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ತುಳಜಾರಾಮ ಸರ್ವಿಸ್ ಮೋಟಾರು ಹತ್ತಿದ. ಪಕ್ಕದಲ್ಲಿ ಕೂತಿದ್ದ ಹುಡಗಿ ಎಂಬ ಊರಿನ ಮುದುಕನೊಬ್ಬ “ಯಾವ ದೇವರ್ರಿ?” ಎಂದ. ತುಳಜಾರಾಮ ತಡವರಿಸಿ “ಗಂಗಾದೇವಿ” ಎಂದುಬಿಟ್ಟ. ಮುದುಕ ಗೋಣಿತಟ್ಟಿಗೆ ಹಣೆ ಹಚ್ಚಿ, ಕಲ್ಯಾಣ ಬರುವವರೆಗೂ ಅದರ ಕಡೆ ಕಾಲು ಚಾಚದೆ ಮುದುರಿಕೊಂಡು ಕೂತ.

ಪಡಸಾಲೆಯಲ್ಲಿ ಚಿತ್ರ ತೂಗುಬಿದ್ದಾಗ ಹೆಂಡತಿ ಅಂಬುಬಾಯಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಯಾರ್ರೀ ಈಕಿ?”

“ಯಾರೂ ಅಲ್ಲ. ಇದು ಕಲಿ.”

“ಕಲಿ ಆದ್ರ ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಹೋಗತದೇನು?”

“ತಿಳೀದವರಂಗ ಮಾತಾಡಬ್ಯಾಡ. ಇಂಥಾದ್ರಾಗ ಬಟ್ಟಿ ನೋಡಬಾರದು, ಬರದವನ ಕೈ ನೋಡಬೇಕು.”

“ಬಟ್ಟಿ ಎಲ್ಲದ ನೋಡಾಕ? ನಿಮ್ಮ ಅಜ್ಜನ ಕಾಲದಿಂದ ಜವಳಿ ಮಾರಾಕತ್ತಿದ ಮನಿ ಇದು. ಹುಡುಕಿ ಹುಡುಕಿ ಅರಿವೀನೇ ಬ್ಯಾಡ ಅನ್ನಾಕಿನ್ನ ತಂದೀರಿ! ಹಕೀಮ ತನ್ನ ದವಾಖಾನಿ ಮುಂದ ಹೆಣದ ಫೋಟೋ ಹಾಕಿದಂಗಾತು.”

ಓಣಿಯ ಹೆಂಗಸರು ನಾಚಿ ಮುಖ ಮುಚ್ಚಿಕೊಳ್ಳುತ್ತಾರೆ, ಗಂಡಸರು ಬೆರಗಾಗುತ್ತಾರೆ ಎಂದು ತುಳಜಾರಾಮ ನಿರೀಕ್ಷಿಸಿದ್ದ. ಮುಖ ಮುಚ್ಚಿಕೊಂಡು ಓಡಿದವರು ಗಂಡಸರು. ಹೆಂಗಸರು ಮಜ್ಜಿಗೆಯ ನೆಪದಲ್ಲಿ ಬಂದು, ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ ನೋಡಿದರು. “ಪಾದ ನೋಡವಾ, ಹೊಲದಾಗ ಅಡ್ಡಾಡಿದ ಪಾದ.” “ಕೈಯಾಗ ಬಳಿ ಇಲ್ಲ, ಹಣಿಮ್ಯಾಲ ಕುಂಕುಮ ಇಲ್ಲ, ಪಾಪ.” “ಹಸಿ ಕಲ್ಲಿನ ಮ್ಯಾಲ ಕುಂತಾಳ, ನಡಾ ಹಿಡೀತದ.” ವಿಲಾಯತಿ ಕಲೆ ಒಂದೇ ಮಧ್ಯಾಹ್ನದಲ್ಲಿ ಸೊಂಟನೋವಿನ ರೋಗಿಯಾಯಿತು.

ಇವೆಲ್ಲವನ್ನೂ ಮೀರಿಸಿದವಳು ಮೋರಖಂಡಿಯ ಕೂಲಿ ಹೆಂಗಸು ಗಯಾಬಾಯಿ. ತೇಪೆಯ ಮೇಲೆ ತೇಪೆ ಹಾಕಿದ ಸೀರೆಯುಟ್ಟು, ಕೈಯಲ್ಲಿ ಕೂಪನ್ ಹಿಡಿದು, ಅಂಗಡಿಯಿಂದ ಮನೆಯ ಬಾಗಿಲಿಗೆ ಬಂದಿದ್ದಳು.

“ಮಾಲು ಖತಂ ಅಂತ ಹೇಳೀನಲ್ಲ,” ಎಂದು ತುಳಜಾರಾಮ ಗದರಿದ.

ಗಯಾಬಾಯಿ ಒಳಗೆ ಇಣುಕಿದಳು. “ಅಯ್ಯ, ಈಕಿಗೂ ಹಂಗೇ ಹೇಳಿ ಕುಂಡ್ರಿಸೀರೇನ್ರಿ, ಸೇಠಜಿ!”

ಸಂಜೆಗೆ ಈ ಮಾತು ಊರಿಡೀ ತಿರುಗಿತು. ತುಳಜಾರಾಮನ ಮೈ ಉರಿಯಿತು. ಈ ಹಳ್ಳಿಮುಕ್ಕರಿಗೆ ಕಲೆ ಏನು ಗೊತ್ತು? ತಿಳಿದವರೊಬ್ಬರು ಬಂದು ಮೆಚ್ಚಿದರೆ ಎಲ್ಲರ ಬಾಯಿ ಮುಚ್ಚುತ್ತದೆ. ಹುಮನಾಬಾದಿನ ಕಂಟ್ರೋಲ್ ಇನ್ಸ್‌ಪೆಕ್ಟರ್ ಜಹೀರುದ್ದೀನ್ ಸಾಹೇಬರನ್ನು ಚಹಾಕ್ಕೆ ಕರೆದ. ಚಿತ್ರ ನೋಡಿದ ಹಾಗೂ ಆಯಿತು, ಒಳಕೋಣೆಯ ವಿಚಾರದಲ್ಲಿ ಸಾಹೇಬರ ಮನಸ್ಸು ಮೆತ್ತಗೂ ಆಯಿತು ಎಂಬುದು ಅವನ ಲೆಕ್ಕ.

ಸಾಹೇಬರು ಬರುವ ದಿನ ಬೆಳಿಗ್ಗೆ ಮಾತ್ರ, ಅವರು ಭಾರೀ ನೇಮಸ್ಥರು, ಪರಹೆಂಗಸು ಎದುರಿಗೆ ಬಂದರೆ ತಲೆ ಎತ್ತುವವರಲ್ಲ ಎಂಬ ಸುದ್ದಿ ಬಂತು. ತುಳಜಾರಾಮ ಬೆವತುಹೋದ. ಚಿತ್ರ ಇಳಿಸಲು ಹೋದರೆ ಮೊಳೆ ಜಗ್ಗಲಿಲ್ಲ.

“ಹಳೇ ಕೌದಿ ಹೊಚ್ಚಲೇನ್ರಿ?” ಎಂದಳು ಅಂಬುಬಾಯಿ.

“ಕೌದಿ? ಸಾಹೇಬರು ಬರೂ ಮನಿಗಿ ಕೌದಿ? ಜವಳಿ ಸಾವ್ಕಾರನ ಮನಿ ಇದು!” ಎಂದು ಒಳಕೋಣೆಗೆ ನುಗ್ಗಿ, ಗಂಟು ಬಿಚ್ಚಿ, ಗುಲಾಬಿ ಬಣ್ಣದ ಹೊಸ ಗಿರಣಿ ಸೀರೆಯೊಂದನ್ನು ಎಳೆದು ತಂದು ತಾನೇ ಕೈಯಾರೆ ಹೊದಿಸಿದ.

“ನನಗ ದೀಪಾವಳಿಗಿ ಕೇಳಿದ್ರ ಇಲ್ಲ ಅಂದ್ರಿ,” ಎಂದಷ್ಟೇ ಅಂದು ಅಂಬುಬಾಯಿ ಚಹಾಕ್ಕೆ ನೀರಿಟ್ಟಳು.

ಸಾಹೇಬರು ಬಂದರು, ಚಹಾ ಕುಡಿದರು, ಶಂಕರಪಾಳಿ ಕಡಿದರು. ಕಣ್ಣು ಮಾತ್ರ ಗೋಡೆಯ ಮೇಲಿಂದ ಸರಿಯಲಿಲ್ಲ.

“ಪರದಾ ಯಾಕ ಹಾಕೀರಿ, ಸೇಠ?”

“ಅದು… ಹಿಂಗೇ… ಕಲಿ ಅದ ಸಾಬ್.”

ಸಾಹೇಬರು ಎದ್ದು ಸೆರಗಿಗೆ ಕೈ ಹಾಕಿದರು. ತುಳಜಾರಾಮ ಕಣ್ಣು ಮುಚ್ಚಿದ. ಬೈಗುಳ ಬರಲಿಲ್ಲ. ಮೆಚ್ಚುಗೆಯೂ ಬರಲಿಲ್ಲ. ಕಣ್ಣು ತೆರೆದರೆ, ಸಾಹೇಬರು ಹೆಂಗಸಿನ ಕಡೆ ನೋಡಿಯೇ ಇರಲಿಲ್ಲ. ಸೀರೆಯ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ಗಿರಣಿಯ ಮುದ್ರೆ ಓದುತ್ತಿದ್ದರು.

“ವಾಹ್! ಹೋದ ತಿಂಗಳ ಮಾಲು. ಖತಂ ಆಗ್ಯಾದ ಅಂದಿದ್ರಿ?”

“ಹಳೇದು ಸಾಬ್, ನಮ್ಮ ಮನ್ಯಾಕೀದು.”

“ಹಳೇದು? ಘಡಿ ಸುದ್ದಾ ಮುರದಿಲ್ಲ, ಮಡಿಕಿ ಗೆರಿ ಹಂಗೇ ಅವ. ಬಾಕೀದು ಎಲ್ಲದ?”

ತುಳಜಾರಾಮ ಹೆಂಡತಿಯ ಕಡೆ ದೀನನಾಗಿ ನೋಡಿದ. ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಅಂಬುಬಾಯಿ ಮೆಲ್ಲಗೆ ಪಕ್ಕಕ್ಕೆ ಸರಿದಳು. “ಬರ್ರಿ ಸಾಬ್. ಒಳಗ ಹೆಂಗಸರು ಯಾರೂ ಇಲ್ಲ, ಬರೇ ಗಂಟು ಅವ.”

ಮಧ್ಯಾಹ್ನದ ಹೊತ್ತಿಗೆ ಡಂಗುರ ಹೊಡೆದಾಗಿತ್ತು. ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತರು. ತುಳಜಾರಾಮ ತನ್ನದೇ ಮನೆಯ ಕಟ್ಟೆಯ ಮೇಲೆ, ಕಂಟ್ರೋಲ್ ದರಕ್ಕೆ, ಗಜದ ಕೋಲು ಹಿಡಿದು ಅಳೆದು ಅಳೆದು ಕೊಡಬೇಕಾಯಿತು. ಸಾಲುಗಟ್ಟಿದ ಜನರ ಪಾಳಿ ಓಣಿಯ ತಿರುವು ದಾಟಿತ್ತು. ಮುಂದೆ ನಿಂತವಳು ಗಯಾಬಾಯಿ. ಗುಲಾಬಿ ಸೀರೆ ಆಗಲೇ ಆಕೆಯ ಕಂಕುಳಲ್ಲಿತ್ತು, ಈಗ ಕುಬಸದ ಅರಿವೆ ಅಳೆಸಿಕೊಳ್ಳುತ್ತಿದ್ದಳು. ಅವಳ ಹೆಗಲ ಮೇಲಿಂದ ಪಾಳಿಗೆ ಪಾಳಿಯೇ ತೆರೆದ ಬಾಗಿಲಿನೊಳಗೆ ಗೋಡೆ ನೋಡುತ್ತಿತ್ತು.

ತುಳಜಾರಾಮನ ಪಿತ್ತ ನೆತ್ತಿಗೇರಿತು. “ಏ! ಆ ದರಿದ್ರ ಪಟಾ ಒಡದು ಒಲಿಗಿ ಹಾಕು!” ಎಂದು ಒಳಗಿದ್ದ ಹೆಂಡತಿಗೆ ಅರಚಿದ.

“ಯಾಕ್ರಿ, ಆಕಿ ಏನು ಮಾಡ್ಯಾಳ?” ಎಂದು ಅಂಬುಬಾಯಿ ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಈ ಮನ್ಯಾಗ ಅರಿವಿ ಮುಚ್ಚಿಟ್ಟಿಲ್ಲದಾಕಿ ಆಕಿ ಒಬ್ಬಾಕೀನೇ.”

ಪಾಳಿ ಗೊಳ್ಳೆಂದು ನಕ್ಕಿತು. ಸಾಹೇಬರು ಕರವಸ್ತ್ರದಲ್ಲಿ ಕೆಮ್ಮಿದರು. ತುಳಜಾರಾಮನ ಕೈಯಿಂದ ಗಜ ಜಾರಿ ಕಟ್ಟೆಯ ಕೆಳಗೆ ಬಿತ್ತು.

ಗಯಾಬಾಯಿ ಬಗ್ಗಿ ಅದನ್ನೆತ್ತಿ ಕೊಟ್ಟಳು. “ಲೆಕ್ಕ ತಪ್ಪಿತು, ಸೇಠಜಿ. ಮೊದಲಿಂದ ಅಳೀರಿ.”